ನೀರು ತುಂಬಿಸಿ ತೋರಿಸದ ಫಿಶ್ ಟ್ಯಾಂಕ್ ಮನೆಗೆ ತರಬೇಡಿ

ರಾತ್ರಿ ಎರಡೂವರೆಗೆ ಕೆಳಮನೆಯ ಅಜ್ಜಿ ಬಾಗಿಲು ಬಡಿದರು. "ತಮ್ಮಾ, ನಲ್ಲಿ ಬಿಟ್ಟು ಮಲಗೀಯೇನೋ? ನಮ್ಮ ಮಾಳಿಗೆ ಸೋರ್ತೈತಿ!" ಅವತ್ತು ನಮ್ಮ ಬೀದಿಗೆ ನೀರು ಬಿಡುವ ದಿನವೇ ಅಲ್ಲ, ನಲ್ಲಿ ಎಲ್ಲಿಂದ ಬರಬೇಕು? ಹಾಲ್‌ನ ಲೈಟ್ ಹಾಕಿದೆ. ನನ್ನ 'ಹೊಸ' ಟ್ಯಾಂಕ್ ಅರ್ಧ ಖಾಲಿ. ಹಿಂದಿನ ಮೂಲೆಯಿಂದ ನೀರು ಗೋಡೆ ಹಿಡಿದು ಸದ್ದಿಲ್ಲದೆ ಇಳಿಯುತ್ತಿತ್ತು. ಕೆಳಗೆ ಹೋಗಿ ನೋಡಿದರೆ ಅಜ್ಜಿಯ ಮನೆಯ ಫ್ಯಾನಿನ ಕೊಕ್ಕೆಯಿಂದ ತೊಟ್ಟಿಕ್ಕುತ್ತಿದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿದೆ.

ಇದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು ಎರಡು ಅಡಿಯ ಟ್ಯಾಂಕ್. ಹೆಚ್ಚೆಂದರೆ 56 ಲೀಟರ್. ಅದರಲ್ಲಿ ಮೂರು ಗೋಲ್ಡ್ ಫಿಶ್. ತರುವಾಗ ಹೆಬ್ಬೆರಳಿನಷ್ಟಿದ್ದವು, ವರ್ಷದಲ್ಲಿ ಅಂಗೈ ಉದ್ದ ಆದವು. ವಾರಕ್ಕೆರಡು ಸಲ ನೀರು ಬದಲಿಸಿದರೂ ಗಲೀಜು. ದೊಡ್ಡದು ಬೇಕಿತ್ತು, ಕೈಯಲ್ಲಿದ್ದದ್ದು ಆರು ಸಾವಿರ. ದಾವಣಗೆರೆಯ ಅಂಗಡಿಯಲ್ಲಿ ನಾಲ್ಕು ಅಡಿಯ ಹೊಸದಕ್ಕೆ ಸ್ಟ್ಯಾಂಡ್ ಸೇರಿ 11,000 ಹೇಳಿದರು. ಆಗಲೇ ಬಳಸಿದ ಟ್ಯಾಂಕ್ ಮಾರುವ ಹರಿಹರದ ಒಬ್ಬರ ಜಾಹೀರಾತು ಕಣ್ಣಿಗೆ ಬಿತ್ತು. ನಾಲ್ಕು ಅಡಿ, ಸ್ಟ್ಯಾಂಡ್, ಫಿಲ್ಟರ್, ಲೈಟ್, ಎಲ್ಲ ಸೇರಿ 5,500. ಚೌಕಾಸಿ ಮಾಡಿ 4,500ಕ್ಕೆ ಇಳಿಸಿದೆ. ಇಳಿಸಿದ ಖುಷಿಯಲ್ಲೇ ಅರ್ಧ ಬುದ್ಧಿ ಹೋಯಿತು ಅನ್ನಿ.

ಟ್ಯಾಂಕ್ ಅವರ ವರಾಂಡದಲ್ಲಿ ಒಣಗಿ ನಿಂತಿತ್ತು. ಎಷ್ಟು ದಿನದಿಂದ ಅಂತ ಕೇಳಿದೆ. "ಒಂದು ತಿಂಗಳು ಅಷ್ಟೇ ಬ್ರದರ್" ಅಂದರು. ಒಳಗೆ ಜೇಡರ ಬಲೆ ಇತ್ತು. ನೀರು ತುಂಬಿಸಿ ತೋರಿಸಿ ಅಂದೆ. "ಇವತ್ತು ನೀರು ಬಂದಿಲ್ಲ, ಲೀಕೇಜ್ ಏನೂ ಇಲ್ಲ, ಗ್ಯಾರಂಟಿ." ಅಲ್ಲೇ ವಾಪಸ್ ಬರಬೇಕಿತ್ತು. ಕೆಳಗೆ ಲಗೇಜ್ ಆಟೋದವನು ಹಾರ್ನ್ ಹೊಡೆಯುತ್ತಿದ್ದ, ನಾನು ದುಡ್ಡು ಎಣಿಸಿದೆ.

ಹಿಂದಿನ ಒಂದು ಮೂಲೆಯಲ್ಲಿ ಮಾತ್ರ ಸಿಲಿಕಾನ್, ಅಂದರೆ ಗಾಜು ಜೋಡಿಸುವ ಅಂಟು, ದಪ್ಪಗೆ, ಹೊಳೆಯುತ್ತಾ ಇತ್ತು. ಉಳಿದ ಮೂರು ಮೂಲೆಯಲ್ಲಿ ಹಳದಿ ತಿರುಗಿತ್ತು. ನಾನು ಅದನ್ನು ಕಾಳಜಿ ಅಂದುಕೊಂಡೆ. ಅದು ತೇಪೆ. ಹೊಸ ಸಿಲಿಕಾನ್ ಹಳೆಯ ಸಿಲಿಕಾನ್ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ. ಹಳೆಯದನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು, ಗಾಜು ಒರೆಸಿ ಹಾಕಿದರೆ ಮಾತ್ರ ಹಿಡಿಯುತ್ತದೆ. ಮೇಲಿಂದ ಮೇಲೆ ಬಳಿದಿದ್ದರೆ ಅಲ್ಲಿ ಒಂದು ಸಲ ಸೋರಿದೆ ಅಂತಲೇ ಲೆಕ್ಕ. ಉಗುರಿನಿಂದ ಒತ್ತಿ ನೋಡಿ. ಚೆನ್ನಾಗಿರುವ ಸಿಲಿಕಾನ್ ರಬ್ಬರಿನ ಹಾಗೆ ಒತ್ತಿಕೊಂಡು ವಾಪಸ್ ಬರುತ್ತದೆ. ನನ್ನದು ಆಮೇಲೆ ನೋಡಿದರೆ ಸಿಪ್ಪೆಯ ಹಾಗೆ ಎದ್ದು ಬಂತು.

ಮನೆಯಲ್ಲಿ ಪರೀಕ್ಷೆ ಮಾಡಲಿಲ್ಲ ಅಂತಲ್ಲ. ಶನಿವಾರ ಸಂಜೆ ಅರ್ಧ ತುಂಬಿಸಿ ರಾತ್ರಿ ಪೂರ್ತಿ ಬಿಟ್ಟೆ. ಒಂದು ಹನಿ ಇಲ್ಲ. ಭಾನುವಾರ ಕಂಠಮಟ್ಟ ತುಂಬಿಸಿ, ಮೀನನ್ನು ನಾಳೆ ಬಿಡೋಣ ಅಂತ ಮಲಗಿದೆ. ನನಗೆ ಗೊತ್ತಿಲ್ಲದ ಲೆಕ್ಕ ಇಲ್ಲಿತ್ತು. ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ತುಂಬಿದಾಗ ಉದ್ದದ ಒಂದು ಗಾಜಿನ ಮೇಲೆ ನೀರು ಹೊರಕ್ಕೆ ತಳ್ಳುವ ಬಲ ಸುಮಾರು 125 ಕೆಜಿ ತೂಕದಷ್ಟು. ಅರ್ಧ ತುಂಬಿದಾಗ ಅದರ ಅರ್ಧ ಅಲ್ಲ, ಕಾಲು ಭಾಗ, ಹತ್ತಿರ ಹತ್ತಿರ 30 ಕೆಜಿ. ನೀರಿನ ಎತ್ತರ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಅಂದರೆ ಶನಿವಾರದ ನನ್ನ ಪರೀಕ್ಷೆ ಸುಮ್ನೆ ಸಮಾಧಾನಕ್ಕೆ.

ಮಾರುವವರ ಅಂಗಳದಲ್ಲೇ, ಸಮತಟ್ಟಾದ ಜಾಗದಲ್ಲಿ, ಕೆಳಗೆ ಥರ್ಮಾಕೋಲ್ ಹಾಸಿ, ಪೂರ್ತಿ ತುಂಬಿಸಿ ಒಂದು ದಿನ ಬಿಡಬೇಕು. ಸುತ್ತ ಹಳೇ ಪೇಪರ್ ಹಾಸಿದರೆ ಒಂದು ಹನಿ ಬಿದ್ದರೂ ಕಾಣುತ್ತದೆ. ಇನ್ನೂರು ರೂಪಾಯಿ ಅಡ್ವಾನ್ಸ್ ಕೊಟ್ಟು ಮರುದಿನ ಬನ್ನಿ. ನೀರಿಲ್ಲ ಅಂದರೆ ನೀರು ಬಂದ ದಿನ ಬರುತ್ತೇನೆ ಅನ್ನಿ. 255 ಲೀಟರ್ ಅಂದರೆ ಹದಿನೈದು ಲೀಟರಿನ ಕೊಡದಲ್ಲಿ ಹದಿನೇಳು ಕೊಡ. ಯಾರಿಗಾದರೂ ಬೇಜಾರಾಗುತ್ತದೆ, ಆದರೆ ಆ ಹದಿನೇಳು ಕೊಡ ಅಜ್ಜಿಯ ಹಾಲ್‌ಗೆ ಬೀಳುವುದಕ್ಕಿಂತ ವಾಸಿ ಅಲ್ವಾ?

ಸ್ಟ್ಯಾಂಡ್ ಕೂಡ ಒಂದು ಕಾಲು ಗಿಡ್ಡ ಇತ್ತು. ಅವರು ರಟ್ಟು ಮಡಚಿ ಕೊಟ್ಟಿದ್ದರು. ನೀರು, ಗಾಜು, ಕಲ್ಲು ಸೇರಿ ಮುನ್ನೂರು ಕೆಜಿ ಮೇಲೆ ತೂಗುವ ಸಾಮಾನು ರಟ್ಟಿನ ಮೇಲೆ ಕೂತರೆ ಗಾಜು ತಿರುಚಿಕೊಂಡು, ಸಡಿಲ ಇರುವ ಜೋಡಣೆ ಮೊದಲು ಬಿಡುತ್ತದೆ. ಫಿಲ್ಟರ್ ಎರಡನೇ ದಿನವೇ ಸತ್ತಿತು, ಅದನ್ನು ಬಿಡಿ.

ಮೀನು ಹಳೇ ಟ್ಯಾಂಕಿನಲ್ಲೇ ಇದ್ದದ್ದು ನನ್ನ ಪುಣ್ಯ. ಫೋನ್ ಮಾಡಿದರೆ ಆ ಮಹಾನುಭಾವರು "ಸಾಗಿಸುವಾಗ ಆಗಿರಬೇಕು" ಅಂದರು, ಆಮೇಲೆ ಎತ್ತಲೇ ಇಲ್ಲ. ಟ್ಯಾಂಕ್ 4,500, ಆಟೋ 900, ಅಜ್ಜಿಯ ಮನೆಗೆ ಸುಣ್ಣ ಬಣ್ಣ 3,200. ಕೂಡಿಸಿ ನೋಡಿ, ಅಂಗಡಿಯ ಹೊಸ ಟ್ಯಾಂಕ್ ಎಷ್ಟು ದೂರ ಇತ್ತು ಅಂತ.

ಹೋದ ವಾರ ಒಂದು ಮಂಡಕ್ಕಿ ಅಂಗಡಿಯವರು ಬಂದು ಆ ಟ್ಯಾಂಕ್ ಕೇಳಿದರು. ಸೋರುತ್ತದೆ ಅಣ್ಣ ಅಂತ ಮೊದಲೇ ಹೇಳಿದೆ, ಮೂಲೆ ತೋರಿಸಿದೆ. "ಮಂಡಕ್ಕಿ ಸೋರಲ್ಲ ಬಿಡಿ" ಅಂತ 700 ಕೊಟ್ಟು ಒಯ್ದರು.