ಪಿಕೊ ಕೂರಿಸಲು ಸಾಕೆಟ್ ಒಳ್ಳೆಯದೋ, ನೇರ ಸೋಲ್ಡರ್ ಒಳ್ಳೆಯದೋ?

ನಮ್ಮ ತೋಟದ ಬೋರ್‌ವೆಲ್ ಮೋಟರ್‌ಗೆ ನಾನೇ ಒಂದು ಕಂಟ್ರೋಲರ್ ಬೋರ್ಡ್ ಮಾಡಿದ್ದೇನೆ. ಅದರಲ್ಲಿ ಕೆಲಸ ಮಾಡುವುದು ರಾಸ್ಪ್‌ಬೆರಿ ಪೈ ಪಿಕೊ, ಅಂದರೆ ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್. 21 ಮಿ.ಮೀ. ಅಗಲ, 51 ಮಿ.ಮೀ. ಉದ್ದ, 40 ಪಿನ್. ಪ್ರತಿ ಪಿನ್‌ಗೂ ಒಂದು ತೂತಿದೆ, ಅಂಚಿನಲ್ಲಿ ಅರ್ಧ ತೂತೂ ಇದೆ. ಹಾಗಾಗಿ ಸಾಕೆಟ್‌ನಲ್ಲೂ ಕೂರಿಸಬಹುದು, ಬೋರ್ಡಿನ ಮೇಲೆ ನೇರವಾಗಿ ಸೋಲ್ಡರ್ ಕೂಡ ಮಾಡಬಹುದು. ನಾನು ಎರಡನ್ನೂ ಮಾಡಿ ನೋಡಿದೆ.

ಮೊದಲು ಹಾಕಿದ್ದು ಅಗ್ಗದ, ತವರ ಲೇಪದ ಸಾಕೆಟ್, ಪಿನ್‌ನಿಂದ ಪಿನ್‌ಗೆ 2.54 ಮಿ.ಮೀ. ಇರುವಂಥದ್ದು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಸೆನ್ಸರ್ ರೀಡಿಂಗ್ ಏನೇನೋ ಬರತೊಡಗಿತು. ಪಿಕೊ ಕಿತ್ತು ಮತ್ತೆ ಒತ್ತಿದರೆ ಸರಿ, ವಾರ ಕಳೆದರೆ ಮತ್ತದೇ ಕಥೆ. ಪ್ರೋಗ್ರಾಂ ತಪ್ಪು ಅಂದುಕೊಂಡು ಎಷ್ಟೋ ರಾತ್ರಿ ಕೂತೆ. ತಪ್ಪಿದ್ದದ್ದು ತವರದಲ್ಲಿ. ಸ್ಟಾರ್ಟರ್‌ನ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಪ್ರತಿ ಸಲ ಟಕ್ ಎಂದಾಗ ಇಡೀ ಪ್ಯಾನೆಲ್ ಅದುರುತ್ತದೆ. ಪಿನ್ ಕೂದಲೆಳೆಯಷ್ಟು ಉಜ್ಜುತ್ತದೆ. ಸವೆದ ತವರದ ಪುಡಿ ಗಾಳಿಗೆ ಆಕ್ಸೈಡ್ ಆಗಿ ಅಲ್ಲೇ ಕೂರುತ್ತದೆ, ಕರೆಂಟ್ ಸರಿಯಾಗಿ ದಾಟುವುದಿಲ್ಲ. ಚಿನ್ನದ ಲೇಪ ಹೀಗೆ ಆಕ್ಸೈಡ್ ಆಗುವುದಿಲ್ಲ. ಆದರೆ ಪಿನ್ನಿಗೂ ಸಾಕೆಟ್ಟಿಗೂ ಎರಡಕ್ಕೂ ಚಿನ್ನವೇ ಇರಬೇಕು. ಒಂದು ಕಡೆ ತವರ ಇದ್ದರೆ ದುಡ್ಡು ಸುಮ್ನೆ ದಂಡ. ಎರಡೂ ಕಡೆ ಚಿನ್ನ ಹಾಕಿ, ಮೂಲೆಗಳಲ್ಲಿ ನೈಲಾನ್ ಸ್ಪೇಸರ್ ಕೊಟ್ಟು ಎಂ2 (2 ಮಿ.ಮೀ.) ಸ್ಕ್ರೂ ಬಿಗಿದೆ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿತು. ತೊಂದರೆ ಇಲ್ಲ.

ನೇರ ಸೋಲ್ಡರ್ ಮಾಡಿದ ಬೋರ್ಡಿನಲ್ಲಿ ಈ ಕಾಟವೇ ಇಲ್ಲ. ಉಜ್ಜುವ ಜಾಗವೇ ಇಲ್ಲವಲ್ಲ! ಎತ್ತರವೂ ಸಾಕೆಟ್‌ಗಿಂತ ಸುಮಾರು 11 ಮಿ.ಮೀ. ಕಡಿಮೆ. ಪಿಕೊದ ಅಡಿಯಲ್ಲಿ ಟೆಸ್ಟ್ ಪಾಯಿಂಟ್ ಎಂಬ ಬರಿ ಲೋಹದ ಚುಕ್ಕೆಗಳಿವೆ, ತಾಗಿ ಶಾರ್ಟ್ ಆಗದಂತೆ ಅವುಗಳ ಕೆಳಗೆ ನಮ್ಮ ಬೋರ್ಡಿನಲ್ಲಿ ಬರಿ ತಾಮ್ರ ಬಿಡಬಾರದು, ಅಷ್ಟು ನೋಡಿಕೊಂಡರೆ ಸಾಕು. ಆದರೆ ಸಿಡಿಲಿಗೆ ಪಿಕೊ ಸುಟ್ಟ ದಿನ ಇಡೀ ಬೋರ್ಡನ್ನು ಬೆಂಗಳೂರಿಗೆ ತರಬೇಕಾಯಿತು. ಹಾಟ್ ಏರ್ ಹಿಡಿದು 40 ಜಾಗ ಬಿಡಿಸುವಾಗ ಬೋರ್ಡಿನ ಎರಡು ಪ್ಯಾಡ್ (ಸೋಲ್ಡರ್ ಹಿಡಿಯುವ ತಾಮ್ರದ ತುಂಡು) ಕಿತ್ತು ಬಂದವು. ಅಷ್ಟು ದಿನ ತೋಟಕ್ಕೆ ನೀರು ಬಿಡಲು ಅಪ್ಪ ಕೈಯಲ್ಲೇ ಸ್ಟಾರ್ಟರ್ ಒತ್ತಿದರು.

ರಾಸ್ಪ್‌ಬೆರಿ ಪೈಯದೇ ಇನ್ನೊಂದು ಪುಟ್ಟ ಕಂಪ್ಯೂಟರ್ ಬೋರ್ಡ್ ಆದ ಕಂಪ್ಯೂಟ್ ಮಾಡ್ಯೂಲ್ 4ರಂತೆ 100 ಪಿನ್ನಿನ ಎರಡು ಕನೆಕ್ಟರ್ ಹಾಕಿ ಒತ್ತುವ ಬಗೆಯನ್ನೂ ಬೇರೆ ಕೆಲಸಕ್ಕೆ ಬಳಸಿದ್ದೇನೆ. ಪಿನ್ ನಡುವೆ 0.4 ಮಿ.ಮೀ. ಮಾತ್ರ. ಕೈಯಲ್ಲಿ ಸೋಲ್ಡರ್ ಮಾಡುವುದು ಬಹಳ ಕಷ್ಟ. ತೋಟಕ್ಕೆ ಅದು ಬೇಡ.

ಹಾಗಾಗಿ ನನ್ನ ಆಯ್ಕೆ ಚಿನ್ನದ ಸಾಕೆಟ್. ಇದರಲ್ಲೂ ಒಂದು ಅಪಾಯವಿದೆ, ಇದನ್ನು ಹೇಳಲೇಬೇಕು. ಪಿಕೊವನ್ನು ಉಲ್ಟಾ, ಅಂದರೆ ಆ ತುದಿ ಈ ಕಡೆ ಬರುವಂತೆ ತಿರುಗಿಸಿದರೂ ಸಾಕೆಟ್‌ಗೆ ಕೂರುತ್ತದೆ. ಗ್ರೌಂಡ್ ಪಿನ್‌ಗಳೆಲ್ಲ ಉಲ್ಟಾದಲ್ಲೂ ಗ್ರೌಂಡ್‌ಗೇ ಸರಿಯಾಗಿ ಬರುತ್ತವೆ. ಆದರೆ 39ನೇ ಪಿನ್ನಿಗೆ ಕೊಟ್ಟ 5 ವೋಲ್ಟ್ 19ನೇ ಪಿನ್ನಿಗೆ, ಅಂದರೆ 3.3 ವೋಲ್ಟಿನ ಸಿಗ್ನಲ್ ಪಿನ್ ಆದ ಜಿಪಿ14ಕ್ಕೆ ಹೋಗುತ್ತದೆ. ಚಿಪ್ ಸುಡಬಹುದು. ಪಿಕೊದ ಯುಎಸ್‌ಬಿ ಕನೆಕ್ಟರ್ ಅಂಚಿನಿಂದ 1.3 ಮಿ.ಮೀ. ಆಚೆ ಚಾಚಿದೆ ಅಲ್ವಾ? ಅದು ಬರಬಾರದ ತುದಿಗೆ ಒತ್ತಿಕೊಂಡಂತೆ ಎತ್ತರದ ಒಂದು ಕೆಪಾಸಿಟರ್ ಇಟ್ಟೆ. ಉಲ್ಟಾ ಹಾಕಲು ಹೋದರೆ ಅಡ್ಡ ಬರುತ್ತದೆ. ಮುಂದಿನ ಸಿಡಿಲಿಗೆ ಪಿಕೊ ಹೋದಾಗ ಅಪ್ಪ ಫೋನಿನಲ್ಲಿ ನನ್ನನ್ನು ಕೇಳಿಕೊಂಡೇ ಹೊಸದು ಹಾಕಿದರು. ಹತ್ತು ನಿಮಿಷದಲ್ಲಿ ಮೋಟರ್ ಓಡಿತು.