ಹಲ್ಲಿಗೆ ಕ್ಲಿಪ್ ಹಾಕಿಸ್ತೀರಾ? ಕ್ಲೀನ್ ಮಾಡುವವರು ಯಾರು ಅಂತ ಮೊದಲು ಕೇಳಿ

ಮಂಗಳೂರು, ಉಡುಪಿ ಕಡೆ ಮಕ್ಕಳಿಗೆ ಹಲ್ಲಿನ ಕ್ಲಿಪ್ ಹಾಕಿಸಲು ಹೊರಟಿರುವ ಅಪ್ಪ ಅಮ್ಮಂದಿರು ಇದನ್ನು ಪೂರ್ತಿ ಓದಿ. ನನ್ನ ಮಗಳ ಹಲ್ಲು ಈಗ ಸಾಲಾಗಿ, ನೇರವಾಗಿ ಇವೆ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಮೇಲಿನ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಕಲೆಗಳಿವೆ. ತಂತಿ ಹಿಡಿದಿಡುವ ಬ್ರಾಕೆಟ್ ಅಂಟಿಸಿದ್ದ ಪುಟ್ಟ ಚೌಕ ಮಾತ್ರ ಹಲ್ಲಿನ ಬಣ್ಣದಲ್ಲೇ ಉಳಿದಿದೆ, ಅದರ ಸುತ್ತಲೂ ಬಿಳಿ ಚೌಕಟ್ಟು. ಹಲ್ಲು ಒಣಗಿದಾಗ ಇನ್ನೂ ಎದ್ದು ಕಾಣುತ್ತದೆ. ಯಾರಾದರೂ ಫೋಟೋ ತೆಗೆದರೆ ಅವಳು ತುಟಿ ಬಿಚ್ಚುವುದೇ ಇಲ್ಲ. ಕ್ಲಿಪ್ ಹಾಕಿಸಿದ್ದೇ ಬಾಯ್ತುಂಬ ನಗಲಿ ಅಂತ ಅಲ್ವಾ?

ಕ್ಲಿನಿಕ್ ಮಂಗಳೂರು ಪೇಟೆಯಲ್ಲೇ ಇದೆ. ಹೆಸರು ಹೇಳುವುದಿಲ್ಲ, ಇನ್‌ಬಾಕ್ಸಿನಲ್ಲೂ ಕೇಳಬೇಡಿ. ಹೆಸರು ಹೇಳಿದರೆ ಅದೊಂದನ್ನು ಬಿಟ್ಟು ಬೇರೆ ಎಲ್ಲಾದರೂ ಹೋಗುತ್ತೀರಿ. ಅಲ್ಲೂ ಇದೇ ಪದ್ಧತಿ ಇದ್ದರೆ ಏನು ಮಾಡಿದ ಹಾಗಾಯಿತು?

ಮೊದಲ ದಿನ ಡಾಕ್ಟರು ಬಾಯಿ ನೋಡಿದರು, ಎಲ್ಲ ಹಲ್ಲೂ ದವಡೆಯೂ ಒಟ್ಟಿಗೆ ಕಾಣುವ ಒಂದು ಓಪಿಜಿ ಎಕ್ಸ್‌ರೇ ತೆಗೆಸಿದರು, 45,000 ರೂಪಾಯಿಯ ಪ್ಯಾಕೇಜ್ ಹೇಳಿದರು. ಬ್ರಷ್ ಮಾಡುವಾಗ ಅವಳ ಒಸಡಿನಲ್ಲಿ ರಕ್ತ ಬರುತ್ತದೆ ಅಂತ ನಾನೇ ಹೇಳಿದೆ. "ಹಲ್ಲು ಲೈನಿಗೆ ಬಂದ ಮೇಲೆ ಎಲ್ಲ ಸರಿಯಾಗ್ತದೆ ಮೇಡಂ" ಅಂದರು. ಅದೇ ವಾರ ಬ್ರಾಕೆಟ್ ಅಂಟಿಸಿಯೂ ಆಯಿತು. ಕ್ಲೀನಿಂಗ್ ಇಲ್ಲ, ಒಸಡು ಎಲ್ಲಿ ಊದಿದೆ, ಯಾವ ಹಲ್ಲಿನಲ್ಲಿ ಹುಳುಕು ಶುರುವಾಗಿದೆ ಅಂತ ಬರೆದಿಟ್ಟುಕೊಂಡದ್ದಿಲ್ಲ, ಹಲ್ಲಿನ ಫೋಟೋ ತೆಗೆದದ್ದೂ ಇಲ್ಲ.

ಇಲ್ಲೇ ಎಡವಟ್ಟು ಶುರುವಾಗಿದ್ದು. ಕ್ಲಿಪ್ ಹಾಕುವ ಮೊದಲು ಒಸಡು ಆರೋಗ್ಯವಾಗಿರಬೇಕು, ಹುಳುಕು ಇದ್ದರೆ ತುಂಬಿಸಿರಬೇಕು. ಒಸಡು ಊದಿಕೊಂಡಿರುವಾಗಲೇ ಬ್ರಾಕೆಟ್ ಅಂಟಿಸಿದರೆ ಕೊಳೆ ಕೂರಲು ಇನ್ನಷ್ಟು ಜಾಗ ಮಾಡಿಕೊಟ್ಟ ಹಾಗೆ. ಹಲ್ಲು ಎಷ್ಟು ಸೊಟ್ಟ, ಯಾವ ಕಡೆ ಎಳೆಯಬೇಕು, ಹಲ್ಲು ಕೀಳಬೇಕಾ ಬೇಡವಾ, ಇದೆಲ್ಲ ಆರ್ಥೊಡಾಂಟಿಸ್ಟ್, ಅಂದರೆ ಕ್ಲಿಪ್ ಹಾಕುವ ಸ್ಪೆಷಲಿಸ್ಟ್ ಲೆಕ್ಕ. ಅವರು ಬಿಡಿಎಸ್ ಆದ ಮೇಲೆ ಮೂರು ವರ್ಷ ಅದನ್ನೇ ಎಂಡಿಎಸ್ ಓದಿರುತ್ತಾರೆ. ಆದರೆ ಈ ಬಾಯಿ ಕ್ಲಿಪ್ಪನ್ನು ತಡೆದುಕೊಳ್ಳುವಷ್ಟು ಚೊಕ್ಕವಾಗಿದೆಯಾ, ಈ ಹುಡುಗಿಗೆ ಬ್ರಷ್ ಮಾಡಲು ಸರಿಯಾಗಿ ಬರುತ್ತದಾ, ಇದನ್ನು ಪಕ್ಕದಲ್ಲಿ ಕೂತು ನೋಡಿ ಡಾಕ್ಟರಿಗೆ ಹೇಳುವ ಕೆಲಸಕ್ಕೆ ಡೆಂಟಲ್ ಹೈಜೀನಿಸ್ಟ್ ಅಂತ ಇರುತ್ತಾರೆ. ಹೈಜೀನಿಸ್ಟ್ ಇಲ್ಲದ ಕಡೆ ಬಿಡಿಎಸ್ ಆದ ಜೂನಿಯರ್ ಡಾಕ್ಟರೇ ಅದನ್ನು ಮಾಡುತ್ತಾರೆ, ಅದೂ ಸರಿಯೇ. ನಮಗೆ ಸಿಕ್ಕಿದ ಕಡೆ ಯಾರೂ ಮಾಡಲಿಲ್ಲ.

ಅಲ್ಲಿ ಆರ್ಥೊಡಾಂಟಿಸ್ಟ್ ವಿಸಿಟಿಂಗ್. ಬರುವ ದಿನ ಬರುತ್ತಾರೆ, ಬಾರದ ದಿನ ಇಲ್ಲ. ಅಪಾಯಿಂಟ್‌ಮೆಂಟ್ ಮಾತ್ರ ಎಲ್ಲ ದಿನಕ್ಕೂ ಕೊಡುತ್ತಾರೆ. ಹಾಗಾಗಿ ಎಷ್ಟೋ ಸಲ ಕುರ್ಚಿ ಪಕ್ಕ ಇರುತ್ತಿದ್ದದ್ದು ನೀಲಿ ಸ್ಕ್ರಬ್ ಹಾಕಿದ ಒಬ್ಬಳು ಹುಡುಗಿ. ಹಳೆ ರಬ್ಬರ್ ತೆಗೆದು ಹೊಸ ಬಣ್ಣದ ರಬ್ಬರ್ ಹಾಕುವುದು, ತಂತಿ ಬದಲಿಸುವುದು, ತುದಿ ಕಟ್ ಮಾಡುವುದು, ಎಲ್ಲ ಅವಳೇ. "ಯಾವ ಕಲರ್ ಬೇಕು?" ಅಂತ ಮಗಳನ್ನು ಕೇಳುತ್ತಿದ್ದಳು, ಮಗಳಿಗೂ ಖುಷಿ. ಗೋಡೆಯ ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ಹೈಜೀನಿಸ್ಟ್ ಅಂತಲೇ ಇತ್ತು. ಮುಂದೆ ಜಗಳವಾದಾಗ ರಿಜಿಸ್ಟ್ರೇಷನ್ ನಂಬರ್ ಕೊಡಿ ಅಂದೆ. "ಅವಳು ಇಲ್ಲೇ ಕೆಲಸ ಕಲ್ತದ್ದು, ತುಂಬಾ ಎಕ್ಸ್‌ಪೀರಿಯನ್ಸ್ ಉಂಟು" ಅಂತ ರಿಸೆಪ್ಷನ್‌ನಿಂದ ಉತ್ತರ ಬಂತು.

ಆ ಹುಡುಗಿಯನ್ನು ನಾನು ದೂರುವುದಿಲ್ಲ. ಸಣ್ಣ ಸಂಬಳಕ್ಕೆ ಹೇಳಿದ ಕೆಲಸ ಮಾಡುತ್ತಿದ್ದಳು. ಆದರೆ ಕಾನೂನು ಸ್ಪಷ್ಟವಾಗಿದೆ. 1948ರ ದಂತವೈದ್ಯರ ಕಾಯ್ದೆಯಲ್ಲೇ ಡೆಂಟಲ್ ಹೈಜೀನಿಸ್ಟ್ ಯಾರು ಅಂತ ಬರೆದಿದೆ: ಹಲ್ಲಿನ ಪಾಚಿ ಕೆರೆದು ತೆಗೆಯುವವರು, ಕ್ಲೀನ್ ಮತ್ತು ಪಾಲಿಶ್ ಮಾಡುವವರು, ಬಾಯಿ ಸ್ವಚ್ಛವಾಗಿಡುವುದನ್ನು ಹೇಳಿಕೊಡುವವರು. ಎರಡು ವರ್ಷದ ಕೋರ್ಸ್ ಇದೆ, ರಾಜ್ಯ ಡೆಂಟಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ತಂತಿ ಬಿಗಿ ಮಾಡುವುದು, ಮುಂದೆ ಯಾವ ತಂತಿ ಅಂತ ತೀರ್ಮಾನಿಸುವುದು ಆ ಪಟ್ಟಿಯಲ್ಲಿ ಇಲ್ಲ. ಅಂದರೆ ನಮ್ಮ ಕ್ಲಿನಿಕ್ಕಿನಲ್ಲಿ ಹೈಜೀನಿಸ್ಟ್ ಮಾಡಬೇಕಾದ ಕೆಲಸ ಮಾಡುವವರು ಯಾರೂ ಇರಲಿಲ್ಲ. ಹೈಜೀನಿಸ್ಟ್ ಮಾಡಬಾರದ ಕೆಲಸವನ್ನು ಹೈಜೀನಿಸ್ಟೂ ಅಲ್ಲದವರು ಮಾಡುತ್ತಿದ್ದರು.

ಕೊನೆಗೆ ವಿಷಯ ಬಯಲಿಗೆ ಬಂದದ್ದು ಕೋರಿ ರೊಟ್ಟಿಯಿಂದ. ನೆಂಟರ ಮನೆಯಲ್ಲಿ ರೊಟ್ಟಿ ಸಾರಿನಲ್ಲಿ ನೆನೆಯುವ ಮೊದಲೇ ಬಾಯಿಗೆ ಹಾಕಿದಳು, ಒಂದು ಬ್ರಾಕೆಟ್ ಕಿತ್ತು ಬಂತು. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ತಂತಿ ಕೆನ್ನೆಗೆ ಚುಚ್ಚುತ್ತಿತ್ತು, ಹಾಗಾಗಿ ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಮ್ಮ ಕಡೆ ಅದಕ್ಕೇನೂ ಬರ ಇಲ್ಲ ನೋಡಿ. ದೇರಳಕಟ್ಟೆ, ಕುಂಟಿಕಾನ, ಮುಕ್ಕ, ಮಣಿಪಾಲ, ಬಸ್ಸಿನಲ್ಲಿ ಕೂತರೆ ಒಂದಲ್ಲ ಒಂದು ಸಿಗುತ್ತದೆ.

ಅಲ್ಲಿನ ಡಾಕ್ಟರು ನೋಡಿ ಬ್ರಾಕೆಟ್ ವಿಷಯ ಆಮೇಲೆ ಅಂದರು. ಒಸಡು ಬೆಳೆದು ಕೆಳಗಿನ ಬ್ರಾಕೆಟ್‌ಗಳ ಅರ್ಧ ಮುಚ್ಚಿತ್ತು. ತಂತಿ ಬಿಚ್ಚಿ ಹೈಜೀನಿಸ್ಟ್ ಹತ್ತಿರ ಕಳಿಸಿದರು. ಅವರು ಮಗಳ ಕೈಗೆ ಕನ್ನಡಿ ಕೊಟ್ಟು, ಹತ್ತಿಯಲ್ಲಿ ಗುಲಾಬಿ ಬಣ್ಣದ ಔಷಧಿ ಅದ್ದಿ ಹಲ್ಲಿಗೆಲ್ಲ ಸವರಿದರು. ಬಾಯಿ ಮುಕ್ಕಳಿಸಿ ಉಗಿದ ಮೇಲೂ ಬ್ರಾಕೆಟ್ ಸುತ್ತ, ಒಸಡಿನ ಅಂಚಿನ ಉದ್ದಕ್ಕೂ ಗಾಢ ಗುಲಾಬಿ ಹಾಗೆಯೇ ಉಳಿಯಿತು. "ಈ ಬಣ್ಣ ಎಲ್ಲಿ ಕೂತಿದೆಯೋ ಅಲ್ಲೆಲ್ಲ ಕೊಳೆ ಉಂಟು ಮಗಾ. ಬೆಳಿಗ್ಗೆ ಬ್ರಷ್ ಮಾಡಿದ್ದೀಯಲ್ಲ?" ಅಂದರು. ಮಾಡಿದ್ದಳು, ಸುಳ್ಳಲ್ಲ. ಆದರೆ ಬ್ರಷ್ ಬ್ರಾಕೆಟ್ ಮೇಲೆ ಸವರಿಕೊಂಡು ಹೋಗುತ್ತಿತ್ತೇ ಹೊರತು ಅದರ ಮೇಲಿನ ಮತ್ತು ಕೆಳಗಿನ ಸಂದಿಗೆ ಮುಟ್ಟುತ್ತಲೇ ಇರಲಿಲ್ಲ. ಬ್ರಷ್ಷನ್ನು ಮೊದಲು ಒಸಡಿನ ಕಡೆಗೆ ಓರೆಯಾಗಿ ಹಿಡಿದು ಬ್ರಾಕೆಟ್ ಮೇಲ್ಭಾಗ, ಆಮೇಲೆ ತಿರುಗಿಸಿ ಕೆಳಭಾಗ ಉಜ್ಜಬೇಕು. ತಂತಿಯ ಹಿಂದೆ ಹೋಗಲು ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಹ ಇಂಟರ್‌ಡೆಂಟಲ್ ಬ್ರಷ್ ಬೇಕು. ಅವರು ತೋರಿಸಿದರು, ಅವಳ ಕೈಯಲ್ಲಿ ಮಾಡಿಸಿದರು, ತಪ್ಪಿದಲ್ಲಿ ಕೈ ಹಿಡಿದು ತಿದ್ದಿದರು. ಇಷ್ಟು ಕಾಲ ದುಡ್ಡು ಕೊಟ್ಟ ಕಡೆ ಇದನ್ನು ಒಂದೇ ಒಂದು ಸಲ ಯಾರೂ ಮಾಡಿರಲಿಲ್ಲ ಮಾರಾಯ್ರೆ! ಹೊರಡುವಾಗ "ಚೆನ್ನಾಗಿ ಬ್ರಷ್ ಮಾಡು" ಅಂತ ಹೇಳುತ್ತಿದ್ದರು, ಅಷ್ಟೇ.

ಪಾಚಿ ಕೆರೆದು ತೆಗೆಯುವ ಸ್ಕೇಲಿಂಗ್ ಆಗಿ ಒಸಡು ಇಳಿದ ಮೇಲೆ ಅಡಗಿದ್ದ ಬಿಳಿ ಕಲೆಗಳು ಒಂದೊಂದಾಗಿ ಹೊರಗೆ ಬಂದವು. ಕೊಳೆಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಿಹಿಯಿಂದ ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಹೊರಪದರದಿಂದ ಖನಿಜ ಎಳೆಯುತ್ತದೆ. ಕೊಳೆ ಹಾಗೇ ಕೂತರೆ ಬ್ರಾಕೆಟ್ ಸುತ್ತ ಇಂತಹ ಕಲೆ ಕಾಣಲು ಒಂದು ತಿಂಗಳು ಸಾಕಂತೆ. ಅದು ಹುಳುಕಿನ ಮೊದಲ ಹಂತ. ಆ ಹಂತದಲ್ಲೇ ಯಾರಾದರೂ ಕಂಡು ಹಿಡಿದರೆ ಅಲ್ಲಿಗೇ ನಿಲ್ಲಿಸಬಹುದು, ಹಲ್ಲಿನ ಹೊರಪದರ ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. ತಂತಿ ಬದಲಿಸುವ ಅಪಾಯಿಂಟ್‌ಮೆಂಟ್ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಇರುತ್ತದಲ್ಲ, ಗೊತ್ತಿರುವ ಕಣ್ಣು ಆಗೆಲ್ಲ ಒಂದು ನಿಮಿಷ ನೋಡಿದ್ದರೂ ಸಾಕಿತ್ತು. ಕಾಲೇಜಿನಲ್ಲಿ ನಮಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೈಜೀನಿಸ್ಟ್ ಕ್ಲೀನಿಂಗ್ ಅಂತ ಬೇರೆಯೇ ಕಾರ್ಡ್ ಮಾಡಿಕೊಟ್ಟರು. ಅದಕ್ಕಾದ ಖರ್ಚು ಹೇಳಿಕೊಳ್ಳುವಂಥದ್ದೂ ಅಲ್ಲ. ಉಳಿದ ಟ್ರೀಟ್‌ಮೆಂಟ್ ಅಲ್ಲೇ ಮುಗಿಯಿತು.

ಪೇಸ್ಟ್ ಬಗ್ಗೆ ಒಂದು ಮಾತು. ನಮ್ಮ ಮನೆಯಲ್ಲಿ ಹರ್ಬಲ್ ಪೇಸ್ಟ್ ಬಳಸುತ್ತಿದ್ದೆವು. ಅಂತಹ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದಿಲ್ಲ. ಇದ್ದರೆ ಟ್ಯೂಬಿನ ಹಿಂದೆ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಅಂತ ಬರೆದಿರುತ್ತದೆ, ನೋಡಿ. ಕ್ಲಿಪ್ ಇರುವ ಮಕ್ಕಳಿಗೆ 1000ದ ಹತ್ತಿರ ಇರುವುದನ್ನು ತನ್ನಿ ಅಂದರು ಹೈಜೀನಿಸ್ಟ್. ಇದನ್ನೂ ಮೊದಲ ಕ್ಲಿನಿಕ್ಕಿನಲ್ಲಿ ಯಾರೂ ಕೇಳಿರಲಿಲ್ಲ. ತಿನ್ನುವ ವಿಷಯದಲ್ಲಿ ಚಕ್ಕುಲಿ, ಚಿಕ್ಕಿ, ಒಣ ರೊಟ್ಟಿ ಬ್ರಾಕೆಟ್ ಕೀಳುತ್ತವೆ. ಹಲ್ಲಿಗೆ ಅಂಟುವ ಸಿಹಿ ಕಲೆ ಮಾಡುತ್ತದೆ. ಗಡ್‌ಬಡ್ ಐಸ್‌ಕ್ರೀಮ್ ಅಪರೂಪಕ್ಕೆ ತಿಂದು ಬಾಯಿ ತೊಳೆದರೆ ಪರವಾಗಿಲ್ಲ, ದಿನವಿಡೀ ಒಂದೊಂದೇ ಚಾಕಲೇಟ್ ಚೀಪುವುದು ಅದಕ್ಕಿಂತ ಕೆಟ್ಟದ್ದು.

ನೀವು ಹೊಸದಾಗಿ ಹೋಗುವವರಾದರೆ ದುಡ್ಡು ಕಟ್ಟುವ ಮೊದಲೇ ಕೇಳಿ. ತಂತಿ ಪ್ರತಿ ಸಲ ಯಾರು ಬದಲಿಸುತ್ತಾರೆ, ಆರ್ಥೊಡಾಂಟಿಸ್ಟ್ ಯಾವ ಯಾವ ದಿನ ಇರುತ್ತಾರೆ? ಕ್ಲೀನಿಂಗ್ ಪ್ಯಾಕೇಜಿನಲ್ಲಿ ಸೇರಿದೆಯಾ, ಯಾರು ಮಾಡುತ್ತಾರೆ, ಅವರ ರಿಜಿಸ್ಟ್ರೇಷನ್ ನಂಬರ್ ಏನು? ಕ್ಲಿಪ್ ತೆಗೆದ ಮೇಲೆ ಕೆಳಗಿನ ಮುಂದಿನ ಹಲ್ಲಿನ ಹಿಂದೆ ಒಂದು ಸಣ್ಣ ತಂತಿ ಅಂಟಿಸುತ್ತಾರೆ, ಹಲ್ಲು ಮತ್ತೆ ಜಾರದಿರಲಿ ಅಂತ. ಎಂಜಲು ಗ್ರಂಥಿಯ ಬಾಯಿ ಅಲ್ಲೇ ಇರುವುದರಿಂದ ಪಾಚಿ ಕಟ್ಟುವುದು ಅಲ್ಲಿ ಜಾಸ್ತಿ, ಹಾಗಾಗಿ ಆಮೇಲೂ ಕ್ಲೀನಿಂಗ್ ತಪ್ಪಿಸುವಂತಿಲ್ಲ. ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತಲೂ ಕೇಳಿ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಇನ್ನು ಈ ಕಲೆ ಬಗ್ಗೆ ಮೊದಲ ಕ್ಲಿನಿಕ್ಕಿನವರು ಏನು ಹೇಳಿದರು ಅಂತ ಕೇಳಿ. ಮೊದಲಿಗೆ ಫ್ರೀಯಾಗಿ ಬ್ಲೀಚಿಂಗ್ ಮಾಡಿಕೊಡ್ತೇವೆ ಅಂದರು. ಕಾಲೇಜಿನ ಡಾಕ್ಟರು ಸದ್ಯಕ್ಕೆ ಬೇಡವೇ ಬೇಡ ಅಂದರು. ಎಂಜಲು ಮತ್ತು ಫ್ಲೋರೈಡ್‌ನಿಂದ ಕಲೆ ಸ್ವಲ್ಪ ತಾನಾಗಿ ಮಾಸುತ್ತದೆ, ಕೆಲವು ತಿಂಗಳು ಕಾಯೋಣ, ಉಳಿದ ಕಲೆಗೆ ರೆಸಿನ್ ಅನ್ನುವ ಅಂಟಿನಂಥ ದ್ರವ ತುಂಬುವ ವಿಧಾನ ಇದೆ, ಪೂರ್ತಿ ಹೋಗುತ್ತದೆ ಅಂತ ಮಾತ್ರ ಮಾತು ಕೊಡಲ್ಲ ಅಂದರು. ನಾನು ಬ್ಲೀಚಿಂಗ್ ಒಪ್ಪದಿದ್ದಾಗ ಕ್ಲಿನಿಕ್ಕಿನವರು ರಾಗ ಬದಲಿಸಿದರು. ಕಲೆ ಮೊದಲೇ ಇತ್ತು, ನಿಮ್ಮ ಬಾವಿ ನೀರಿನ ಫ್ಲೋರೈಡ್ ಜಾಸ್ತಿಯಾಗಿ ಆದದ್ದು ಅಂದರು! ನೀರಿನ ಫ್ಲೋರೈಡ್ ತೊಂದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದಂತಹ ಒಣ ಸೀಮೆಯ ಬೋರ್‌ವೆಲ್‌ಗಳದ್ದು. ಸುರತ್ಕಲ್ಲಿನ ನಮ್ಮ ಮನೆ ಬಾವಿಗೆ ಅದು ಎಲ್ಲಿಂದ ಬಂತು? ಅದಲ್ಲದೆ, ಫ್ಲೋರೈಡ್ ಕಲೆ ಹಲ್ಲು ಒಳಗೆ ಬೆಳೆಯುವಾಗಲೇ ಆಗುವಂಥದ್ದು. ಅದು ಹಲ್ಲಿನ ಮೇಲೆ ಹರಡಿಕೊಂಡಿರುತ್ತದೆ, ಬ್ರಾಕೆಟ್ ಅಳತೆಗೆ ಚೌಕ ಬಿಟ್ಟು ಕೂರುವುದಿಲ್ಲ.

ಅವರ ಹತ್ತಿರ ಮೊದಲಿನ ಫೋಟೋ ಇಲ್ಲ, ಆ ಧೈರ್ಯದಲ್ಲೇ ಹಾಗೆ ಹೇಳಿದ್ದು. ನಮ್ಮ ಹತ್ತಿರ ಇತ್ತು. ಕ್ಲಿಪ್ ಹಾಕುವ ಮೊದಲು ಅತ್ತಿಗೆಯ ಮಗಳ ಮೆಹೆಂದಿಯಲ್ಲಿ ಹಗಲು ಬೆಳಕಿನಲ್ಲಿ ತೆಗೆದದ್ದು. ಹಲ್ಲು ಸೊಟ್ಟ, ಆದರೆ ಒಂದು ಕಲೆ ಇಲ್ಲ. ಅದನ್ನೂ, ಓಪಿಜಿ, ರಸೀದಿ, ಕಾಲೇಜಿನ ಹೈಜೀನಿಸ್ಟ್ ಬರೆದ ಚಾರ್ಟನ್ನೂ ಸೇರಿಸಿ ಬೆಂಗಳೂರಿನ ರಾಜ್ಯ ಡೆಂಟಲ್ ಕೌನ್ಸಿಲ್‌ಗೆ ದೂರು ಕಳಿಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುವವಳಿದ್ದೇನೆ, ಅದಕ್ಕೆ ಎರಡು ವರ್ಷದ ಒಳಗೆ ಹೋಗಬೇಕು. ನಾಳೆ ನಿಮ್ಮ ಮಗುವಿಗೆ ಬ್ರಾಕೆಟ್ ಹಾಕುತ್ತಾರಾದರೆ ಇವತ್ತೇ ಬಿಸಿಲಿನ ಬೆಳಕಿನಲ್ಲಿ ನಿಲ್ಲಿಸಿ, ತುಟಿ ಎತ್ತಿ ಹಿಡಿದು, ಮೇಲಿನ ಸಾಲು ಕೆಳಗಿನ ಸಾಲು ಎರಡರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ. ತಾರೀಕು ಫೋನಿನಲ್ಲೇ ಇರುತ್ತದೆ.