ನಿರ್ಬಂಧ ಪಟ್ಟಿಯಲ್ಲಿ ಹೆಸರು ಹುಡುಕೋ ಒಫ್ಯಾಕ್ ಸೈಟ್: ಐದು ವರ್ಷ ಬಳಸಿದ ಮೇಲೆ

ಮೂರೂವರೆ ಸ್ಟಾರ್. ನಾಲ್ಕು ಕೊಡೋಣ ಅಂತಿದ್ದೆ, ಉಳ್ಳಾಲದ ಗೆಳೆಯನ ಫೋನ್ ಬಂದ ಮೇಲೆ ಅರ್ಧ ಕಿತ್ತುಕೊಂಡೆ. ಆ ಕತೆ ಆಮೇಲೆ.

ನಾನು ಬೆಂಗಳೂರಿನಲ್ಲಿ ಒಂದು ವಿದೇಶಿ ಬ್ಯಾಂಕಿನ ಬ್ಯಾಕ್ ಆಫೀಸಿನಲ್ಲಿದ್ದೇನೆ. ಯಾರಾದರೂ ಕೇಳಿದರೆ ಅಮ್ಮ "ಕಂಪ್ಯೂಟರ್ ಕೆಲಸ, ನೈಟ್ ಶಿಫ್ಟು" ಅಂತ ಹೇಳಿ ಮುಗಿಸುತ್ತಾಳೆ. ನಿಜವಾಗಿ ಮಾಡೋದು ಇಷ್ಟೇ. ಯಾರೋ ಎಲ್ಲಿಂದಲೋ ದುಡ್ಡು ಕಳಿಸುತ್ತಾರೆ, ಕಳಿಸಿದವರ ಹೆಸರೋ ಪಡೆಯುವವರ ಹೆಸರೋ ಉಗ್ರರ ಪಟ್ಟಿಯ ಯಾವುದೋ ಹೆಸರಿನ ಥರ ಕಾಣುತ್ತಿದೆ ಅಂತ ಸಿಸ್ಟಮ್ ಕೂಗಿಕೊಳ್ಳುತ್ತದೆ, ಅದು ಅವನೇನಾ ಬೇರೆಯವನಾ ಅಂತ ನೋಡಿ ನಾವು ಅಲರ್ಟ್ ಕ್ಲಿಯರ್ ಮಾಡಬೇಕು, ಡೌಟ್ ಇದ್ದರೆ ಮೇಲಿನವರಿಗೆ ಎಸ್ಕಲೇಟ್ ಮಾಡಬೇಕು. ಆಫೀಸಿನಲ್ಲಿ ದುಬಾರಿ ಸಾಫ್ಟ್‌ವೇರ್ ಇದೆ. ಆದರೂ ಪಕ್ಕದ ಟ್ಯಾಬ್‌ನಲ್ಲಿ ಅಮೆರಿಕದ ಹಣಕಾಸು ಇಲಾಖೆಯ ಈ ಪುಕ್ಕಟೆ ಸೈಟ್ ಸದಾ ತೆರೆದೇ ಇರುತ್ತದೆ. ಹೆಸರು ಸ್ಯಾಂಕ್ಷನ್ಸ್ ಲಿಸ್ಟ್ ಸರ್ಚ್. ನಡೆಸೋದು ಆ ಇಲಾಖೆಯಲ್ಲಿ ನಿರ್ಬಂಧಗಳನ್ನು ನೋಡಿಕೊಳ್ಳೋ ಒಫ್ಯಾಕ್ ಅನ್ನೋ ಕಚೇರಿ.

ಅಮೆರಿಕದ ಸೈಟ್‌ನಿಂದ ನಮಗೇನು ಅಂತ ಕೇಳಬಹುದು. 2001ರ ಸೆಪ್ಟೆಂಬರ್ 23ರಂದು, ಅವಳಿ ಕಟ್ಟಡ ಬಿದ್ದು ಎರಡು ವಾರವೂ ಆಗಿರಲಿಲ್ಲ, ಬುಷ್ 13224 ನಂಬರಿನ ಆದೇಶಕ್ಕೆ ಸಹಿ ಹಾಕಿದರು. ಉಗ್ರರಷ್ಟೇ ಅಲ್ಲ, ಅವರಿಗೆ ದುಡ್ಡು ಕೊಡುವವರು, ದುಡ್ಡು ದಾಟಿಸುವವರು ಎಲ್ಲರ ಆಸ್ತಿಗೂ ಬೀಗ. ಡಾಲರ್‌ನಲ್ಲಿ ಕಳಿಸಿದ ಹಣ ಬಹುತೇಕ ಅಮೆರಿಕದ ಯಾವುದಾದರೂ ಬ್ಯಾಂಕನ್ನು ಹಾದೇ ಹೋಗಬೇಕು, ಹಾಗಾಗಿ ಅಲ್ಲಿಯ ಕಾನೂನು ಊರೂರಿನ ಕೌಂಟರಿಗೂ ಬಂದು ಕೂರುತ್ತದೆ. ಬ್ಯಾಂಕುಗಳಿಗೆ ಇರೋ ಭಯವೂ ಸುಮ್ನೆ ಅಲ್ಲ. ಸುಡಾನ್, ಇರಾನ್, ಕ್ಯೂಬಾ ನಿರ್ಬಂಧ ಮುರಿದದ್ದಕ್ಕೆ 2014ರಲ್ಲಿ ಬಿಎನ್‌ಪಿ ಪಾರಿಬಾ ಅನ್ನೋ ಫ್ರಾನ್ಸಿನ ಬ್ಯಾಂಕ್ ತೆತ್ತದ್ದು ಸುಮಾರು 890 ಕೋಟಿ ಡಾಲರ್. ಅಷ್ಟು ಕೈಬಿಟ್ಟ ಮೇಲೆ ಯಾವ ಬ್ಯಾಂಕ್ ತಾನೇ ಡೌಟ್ ಬಂದಾಗ "ಹೋಗಲಿ ಬಿಡಿ" ಅನ್ನುತ್ತದೆ?

ಸೈಟ್ ನೋಡಲು ಹಳೇ ಸರ್ಕಾರಿ ಫಾರಂ ಇದ್ದ ಹಾಗಿದೆ. ನನಗದು ಇಷ್ಟ. ಲಾಗಿನ್ ಇಲ್ಲ, ಒಟಿಪಿ ಇಲ್ಲ. ಹೆಸರು ಹಾಕಿ, ಬೇಕಿದ್ದರೆ ದೇಶ ಆರಿಸಿ, ಸರ್ಚ್ ಒತ್ತಿ. ಕಣ್ಣು ಮಿಟುಕಿಸೋದರೊಳಗೆ ಹೆಸರು, ವಿಳಾಸ, ಯಾವ ಕಾನೂನಿನ ಅಡಿ ಸೇರಿಸಿದ್ದಾರೆ, ಹಾಕಿದ ಹೆಸರಿಗೆ ಎಷ್ಟು ಹೋಲುತ್ತದೆ ಅನ್ನೋ ಸ್ಕೋರ್, ಎಲ್ಲಾ ಸಾಲಾಗಿ ಬರುತ್ತದೆ.

ಟ್ರೈ ಮಾಡಬೇಕಾ? ಲಿಬರೇಷನ್ ಟೈಗರ್ಸ್ ಅಂತ ಹಾಕಿ ನೋಡಿ. ಎಲ್‌ಟಿಟಿಇ ಬರುತ್ತದೆ, 'ಎಲ್ಲಾಳನ್ ಫೋರ್ಸ್' ಥರದ ಅಡ್ಡಹೆಸರುಗಳ ಸಮೇತ. 1997ರ ಅಕ್ಟೋಬರ್‌ನಲ್ಲಿ ಅಮೆರಿಕ ಮೊದಲ ಸಲ ವಿದೇಶಿ ಉಗ್ರ ಸಂಘಟನೆಗಳ ಪಟ್ಟಿ ಮಾಡಿದಾಗಲೇ ಅದರಲ್ಲಿ ಇವರಿದ್ದರು. 2009ರಲ್ಲಿ ಯುದ್ಧ ಮುಗಿದು ಪ್ರಭಾಕರನ್ ಸತ್ತರೂ ಹೆಸರು ಅಲ್ಲೇ ಇದೆ. (ಕೋಣನಕುಂಟೆ ಕಡೆಯ ಹಿರಿಯರಿಗೆ ಈ ಹೆಸರು ಬರೀ ಪಟ್ಟಿಯ ಸಾಲಲ್ಲ, ರಾಜೀವ್ ಗಾಂಧಿ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಜೊತೆಗಾರರು 1991ರ ಆಗಸ್ಟ್‌ನಲ್ಲಿ ಸತ್ತದ್ದು ಅಲ್ಲಿಯ ಒಂದು ಮನೆಯಲ್ಲೇ.) ಹುಲಿಗಳ ದುಡ್ಡು ಬರುತ್ತಿದ್ದದ್ದು ಕೆನಡಾ, ಬ್ರಿಟನ್ ಕಡೆ ನೆಲೆಸಿದ ತಮಿಳರಿಂದ. ಕೆಲವರು ಮನಸಾರೆ ಕೊಟ್ಟರು, ಕೆಲವರು ಬಾಗಿಲಿಗೆ ಬಂದು ನಿಂತವರಿಗೆ ಹೆದರಿ ಕೊಟ್ಟರು. 2007ರ ನವೆಂಬರ್‌ನಲ್ಲಿ ಒಫ್ಯಾಕ್ ತಮಿಳ್ಸ್ ರಿಹ್ಯಾಬಿಲಿಟೇಷನ್ ಆರ್ಗನೈಸೇಷನ್ ಅನ್ನೋ ಸೇವಾ ಸಂಸ್ಥೆಯನ್ನೂ ಪಟ್ಟಿಗೆ ಸೇರಿಸಿತು, ಇದು ಹುಲಿಗಳ ಮುಖವಾಡ ಅಂತ. ಈ ಕಾನೂನು ನಿಜವಾಗಿ ಕಚ್ಚೋದು ಇಂಥ ಕಡೆ. ಬಂದೂಕು ಹಿಡಿದವನಿಗೆ ಬ್ಯಾಂಕ್ ಅಕೌಂಟ್ ಬೇಡ, ಅವನ ಹಿಂದೆ ಇರೋ ಟ್ರಸ್ಟ್‌ಗೆ ಬೇಕೇ ಬೇಕು.

ಲೆಬನಾನ್ ಕತೆ ಇನ್ನೂ ಬಿರುಸು. ಹೆಜ್ಬುಲ್ಲಾಗೆ ಗೊತ್ತಿದ್ದೂ ಸಹಾಯ ಮಾಡೋ ವಿದೇಶಿ ಬ್ಯಾಂಕಿಗೆ ಅಮೆರಿಕದಲ್ಲಿ ಖಾತೆಯೇ ಇಲ್ಲದ ಹಾಗೆ ಮಾಡಬಹುದು ಅಂತ 2015ರ ಡಿಸೆಂಬರ್‌ನಲ್ಲಿ ಕಾನೂನು ಬಂತು. 2019ರ ಆಗಸ್ಟ್ ಕೊನೆಗೆ ಲೆಬನಾನಿನ ಜಮ್ಮಾಲ್ ಟ್ರಸ್ಟ್ ಬ್ಯಾಂಕನ್ನು ಒಫ್ಯಾಕ್ ಪಟ್ಟಿಗೆ ಹಾಕಿತು. ಸೆಪ್ಟೆಂಬರ್ ಮುಗಿಯೋ ಮೊದಲೇ ಬ್ಯಾಂಕ್ ತಾನೇ ಬಾಗಿಲು ಮುಚ್ಚುತ್ತೇನೆ ಅಂತ ಕೈ ಎತ್ತಿತು.

ಈಗ ಸ್ಕೋರ್ ವಿಷಯ. ತಕರಾರು ಶುರುವಾಗೋದೇ ಇಲ್ಲಿ. ಸೈಟ್‌ನಲ್ಲಿ ಎಳೆಯೋ ಸ್ಲೈಡರ್ ಒಂದಿದೆ, 100ರಲ್ಲಿ ಇಟ್ಟರೆ ಅಕ್ಷರಕ್ಕೆ ಅಕ್ಷರ ಹೊಂದೋ ಹೆಸರು ಮಾತ್ರ ಬರುತ್ತದೆ, ಕೆಳಗೆ ಎಳೆದ ಹಾಗೆಲ್ಲಾ ಹತ್ತಿರದ ಹೆಸರುಗಳೂ ಬಂದು ಪುಟ ತುಂಬುತ್ತವೆ. ಎಷ್ಟಕ್ಕೆ ಇಡಬೇಕು? ಒಫ್ಯಾಕ್ ಹೇಳಲ್ಲ. ನಾವು ಶಿಫಾರಸು ಮಾಡಲ್ಲ, ನಿಮ್ಮ ಜವಾಬ್ದಾರಿ ಅಂತ ಸೈಟ್‌ನಲ್ಲೇ ಬರೆದುಕೊಂಡಿದ್ದಾರೆ. ಅಳತೆಗೋಲು ಅವರದ್ದು, ಅಳತೆ ತಪ್ಪಿದರೆ ತಲೆ ನಮ್ಮದು.

ಹೋಲಿಕೆ ನೋಡೋಕೆ ಎರಡು ವಿಧಾನ ಇಟ್ಟಿದ್ದಾರೆ. ಒಂದು ಅಕ್ಷರ ಹೋಲಿಸುತ್ತದೆ. ಇನ್ನೊಂದು ಸೌಂಡೆಕ್ಸ್, ಅಂದರೆ ಉಚ್ಚಾರಕ್ಕೆ ಒಂದು ಕೋಡ್. ನೂರು ವರ್ಷಕ್ಕಿಂತ ಹಳೇ ಲೆಕ್ಕ ಇದು, ಇಂಗ್ಲಿಷ್ ಉಚ್ಚಾರ ಇಟ್ಟುಕೊಂಡು ಮಾಡಿದ್ದು. ಮೊದಲ ಅಕ್ಷರ ಇಟ್ಟುಕೊಂಡು, ಸ್ವರ ಎಲ್ಲಾ ಬಿಸಾಕಿ, ಉಳಿದ ವ್ಯಂಜನಕ್ಕೆ ಅಂಕಿ ಕೊಡುತ್ತದೆ. ಒಂದು ರಾತ್ರಿ ಅಲರ್ಟ್ ಕಡಿಮೆ ಇದ್ದಾಗ ಕಾಗದದ ಮೇಲೆ ಕೈಯಲ್ಲೇ ಲೆಕ್ಕ ಹಾಕಿದೆ. ಇಂಗ್ಲಿಷ್‌ನಲ್ಲಿ ಬರೆದ ಮೊಹಮ್ಮದ್‌ಗೆ ಎಂ 530. ಮಹಮೂದ್‌ಗೂ ಎಂ 530. ಬೇರೆ ಬೇರೆ ಹೆಸರು, ಆದರೂ ಹೋಗಲಿ ಅಂದುಕೊಂಡೆ. ಆಮೇಲೆ ಸುಮ್ನೆ ನಮ್ಮೂರು ಮಂಡ್ಯ ಬರೆದೆ. ಎಂ 530! ಪಕ್ಕದ ಸೀಟಿನವಳಿಗೆ ತೋರಿಸಿದರೆ ಅವಳು "ಹಾಗಾದ್ರೆ ಕಬ್ಬಿನ ದುಡ್ಡೂ ಹೋಲ್ಡ್ ಆಗುತ್ತೆ ಬಿಡು" ಅಂದಳು. ಅಕ್ಷರದ ಹೋಲಿಕೆಯೂ ಜೊತೆಗಿರುವುದರಿಂದ ಹಾಗೆಲ್ಲಾ ಆಗಲ್ಲ. ಆದರೆ ಒಂದೇ ಹೆಸರನ್ನು ಹತ್ತು ಥರ ಬರೆಯೋ ನಮ್ಮ ಕಡೆಯವರಿಗೆ, ಶೇಖ್, ಶೇಕ್, ಶೈಕ್ ಅಂತ ಒಂದೇ ಮನೆಯಲ್ಲಿ ಮೂರು ಸ್ಪೆಲ್ಲಿಂಗ್ ಇರೋರಿಗೆ, ಈ ಲೆಕ್ಕ ಎಷ್ಟು ಒರಟು ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ.

ಇನ್ನು ಗೆಳೆಯನ ಕತೆ. ಶಾರ್ಜಾದಲ್ಲಿ ಎಸಿ ರಿಪೇರಿ ಮಾಡುತ್ತಾನೆ. ತಂಗಿ ಮದುವೆಯ ಹಾಲ್‌ಗೆ ಅಡ್ವಾನ್ಸ್ ಕೊಡಬೇಕಿತ್ತು, ಹೊಸದೊಂದು ಎಕ್ಸ್‌ಚೇಂಜ್ ಅಂಗಡಿಯಿಂದ ಕಳಿಸಿದ. ಒಂಬತ್ತು ದಿನ ಬರಲಿಲ್ಲ. ಕೌಂಟರಿನವನು "ಸಿಸ್ಟಮ್‌ನಲ್ಲಿ ಹೋಲ್ಡ್" ಅಂದ, ಯಾಕೆ ಅಂತ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ನನಗೆ ಫೋನ್. "ಎಂತ ಮಾರಾಯಾ, ನನ್ನ ದುಡ್ಡು ಎಂತಕ್ಕೆ ಹಿಡ್ಕೊಂಡಿದ್ದಾರೆ? ನಾನು ಕದ್ದದ್ದಾ?"

ಅವನ ಹೆಸರನ್ನು ಈ ಸೈಟ್‌ನಲ್ಲಿ ಹಾಕಿದೆ. 100ರಲ್ಲಿ ಏನೂ ಇಲ್ಲ. ಸ್ವಲ್ಪ ಕೆಳಗೆ ಎಳೆದೆ, ಬಂತು ಒಂದು ಹೆಸರು. ಅದನ್ನು ಒತ್ತಿ ಒಳಗೆ ಹೋದರೆ ಹುಟ್ಟಿದ ವರ್ಷ ಬೇರೆ, ದೇಶ ಬೇರೆ, ತಂದೆಯ ಹೆಸರು ಬೇರೆ. ನನ್ನ ಟೇಬಲ್‌ಗೆ ಬಂದಿದ್ದರೆ ಎರಡು ನಿಮಿಷದ ಕೆಲಸ. ಸೈಟನ್ನು ಇಲ್ಲಿ ಹೊಗಳಲೇಬೇಕು, ಹೋಲಿಸಿ ನೋಡೋಕೆ ಬೇಕಾದ ವಿವರವನ್ನು ಅದು ಬಚ್ಚಿಡಲ್ಲ. ದಾವೂದ್ ಇಬ್ರಾಹಿಂ ಅಂತ ಹುಡುಕಿ, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು ಎಲ್ಲಾ ಸಿಗುತ್ತದೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಂತೂ ಕರಾಚಿಯ ಕ್ಲಿಫ್ಟನ್‌ನಲ್ಲಿರೋ 'ವೈಟ್ ಹೌಸ್' ಅನ್ನೋ ಮನೆಯ ವಿಳಾಸವೂ ಇದೆ. ಅಷ್ಟಿದ್ದೂ ಆ ಮನುಷ್ಯ ಸಿಕ್ಕಿಲ್ಲ, ನಮ್ಮ ಎಸಿ ಮೆಕ್ಯಾನಿಕ್ ಸಿಕ್ಕಿಕೊಂಡ.

ಬರೀ ಹೆಸರು ನೋಡಿ ನಿಲ್ಲಿಸೋದು ಗಲ್ಫ್ ಅಂಗಡಿಯವರ ಚಾಳಿ ಮಾತ್ರ ಅಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ಕಾರ್ ಕೊಳ್ಳಲು ಹೋದರೆ, ನಿಮ್ಮ ಹೆಸರು ಉಗ್ರರ ಪಟ್ಟಿಯಲ್ಲಿದೆ ಅಂದರಂತೆ. ಕೊನೆಗೆ ಹೆಂಡತಿ ಹೆಸರಲ್ಲಿ ಕಾರ್ ತಗೊಂಡರು. ಟ್ರಾನ್ಸ್‌ಯೂನಿಯನ್ ಅನ್ನೋ, ಗ್ರಾಹಕರ ಸಾಲದ ವರದಿ ಕೊಡೋ ಕಂಪನಿ ಮೊದಲ ಹೆಸರು, ಕೊನೆಯ ಹೆಸರು ಮಾತ್ರ ಹೋಲಿಸಿತ್ತು, ಹುಟ್ಟಿದ ದಿನಾಂಕ ನೋಡಿರಲಿಲ್ಲ. ಅದೇ ಪಾಡಿನ 8,185 ಜನರ ಪರವಾಗಿ ಕೇಸ್ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2021ರಲ್ಲಿ ಕೋರ್ಟ್, ಯಾರ ವರದಿ ಹೊರಗಿನವರ ಕೈ ಸೇರಿತ್ತೋ ಆ 1,853 ಜನರಿಗೆ ಮಾತ್ರ ಪರಿಹಾರ ಕೇಳೋ ಹಕ್ಕು ಅಂದಿತು.

ಪಟ್ಟಿಯೇ ತಪ್ಪಾದರೆ ಕತೆ ಇನ್ನೂ ಕಷ್ಟ. ಸೊಮಾಲಿಯಾದವರು ಊರಿಗೆ ದುಡ್ಡು ಕಳಿಸುತ್ತಿದ್ದ ಅಲ್-ಬರಕಾತ್ ಜಾಲವನ್ನು 2001ರ ನವೆಂಬರ್ 7ರಂದು ಒಂದೇ ಏಟಿಗೆ ಮುಚ್ಚಿಸಿದರು. ಉಗ್ರರ ಜೊತೆ ಅದರ ಸಂಬಂಧ ತೋರಿಸಲು ಎಫ್‌ಬಿಐಗೆ ಆಗಲಿಲ್ಲ ಅಂತ ಆಮೇಲೆ 9/11 ಆಯೋಗದ ಸಿಬ್ಬಂದಿಯೇ ಬರೆದರು. ಅಷ್ಟರಲ್ಲಿ ಅಂಗಡಿ ಎಲ್ಲಿತ್ತು.

ವ್ಯಾಪಾರಿಗಳು, ಟ್ರಸ್ಟ್ ನಡೆಸೋರು ಗಮನಿಸಬೇಕಾದ ದೊಡ್ಡ ತೂತು ಒಂದಿದೆ. ಪಟ್ಟಿಯಲ್ಲಿರೋ ಒಬ್ಬನ ಅಥವಾ ಅಂಥ ಕೆಲವರ ಪಾಲು ಒಟ್ಟು 50 ಶೇಕಡಾ ಅಥವಾ ಹೆಚ್ಚು ಇರೋ ಕಂಪನಿಗೂ ನಿರ್ಬಂಧ ಲಾಗೂ ಆಗುತ್ತದೆ, ಆ ಕಂಪನಿಯ ಹೆಸರು ಪಟ್ಟಿಯಲ್ಲಿ ಇರಬೇಕು ಅಂತಿಲ್ಲ. ಹಾಗಾಗಿ ಇಲ್ಲಿ ಏನೂ ಬರಲಿಲ್ಲ ಅಂತ ಖುಷಿಯಾಗಿ ಪೇಮೆಂಟ್ ಹಾಕಬೇಡಿ, ಮಾಲೀಕರು ಯಾರು ಅಂತ ಬೇರೆ ಕಡೆ ಹುಡುಕಬೇಕು. ಎಲ್ಲಾ ದೇಶದ ಪಟ್ಟಿಯೂ ಇಲ್ಲಿರಲ್ಲ. ವಿಶ್ವಸಂಸ್ಥೆಯದ್ದು ಬೇರೆ, ನಮ್ಮ ದೇಶದ ಉಗ್ರ ನಿಗ್ರಹ ಕಾನೂನಾದ ಯುಎಪಿಎ ಪಟ್ಟಿ ಬೇರೆ. ಜೈಶ್-ಎ-ಮೊಹಮ್ಮದ್ ಮುಖ್ಯಸ್ಥ ಮಸೂದ್ ಅಜರ್ ಹೆಸರು ವಿಶ್ವಸಂಸ್ಥೆಯಲ್ಲಿ ಪಾಸಾಗೋಕೆ ಚೀನಾ ಅಡ್ಡಗಾಲು ದಾಟಿ 2019ರ ಮೇ 1 ಆಗಬೇಕಾಯಿತು. ನಮ್ಮ ಗೃಹ ಇಲಾಖೆ ಅದೇ ಸೆಪ್ಟೆಂಬರ್‌ನಲ್ಲಿ ಅವನ ಜೊತೆ ಹಫೀಜ್ ಸಯೀದ್, ಲಖ್ವಿ, ದಾವೂದ್‌ರನ್ನೂ ವ್ಯಕ್ತಿಗಳಾಗಿ ಪಟ್ಟಿಗೆ ಹಾಕಿತು. ಆದರೆ ಅಲ್ಲಿ ಈ ಥರ ಸ್ಕೋರ್ ಹಾಕಿ ಹುಡುಕೋ ವ್ಯವಸ್ಥೆ ಇಲ್ಲ, ಅದೊಂದು ಮಾಡಿದರೆ ನಮ್ಮಂಥವರ ಕಣ್ಣಿಗೆ ಪುಣ್ಯ.

ಗೆಳೆಯನಿಗೆ ಆ ರಾತ್ರಿ ಹೇಳಿದ್ದು ಇಷ್ಟೇ: ಜಗಳ ಬೇಡ, ಪಾಸ್‌ಪೋರ್ಟ್ ಪ್ರತಿ ಕೊಡು, ಹುಟ್ಟಿದ ದಿನಾಂಕ, ಊರು, ಅಪ್ಪನ ಹೆಸರು, ದುಡ್ಡು ಯಾತಕ್ಕೆ ಅಂತ ಬರೆದು ಮೇಲ್ ಹಾಕು, ಬೇರೆಯವನು ಅಂತ ಅವರು ಫೈಲ್‌ನಲ್ಲಿ ಬರೆಯೋಕೆ ಏನಾದರೂ ಕೈಗೆ ಸಿಗಬೇಕು. ಹತ್ತನೇ ದಿನ ದುಡ್ಡು ಬಂತು. ಅಷ್ಟರಲ್ಲಿ ಹಾಲ್ ಬೇರೆಯವರ ಪಾಲಾಗಿತ್ತು, ಮದುವೆ ಮಾವನ ಮನೆಯಂಗಳದಲ್ಲಿ ಚಪ್ಪರ ಹಾಕಿ ನಡೆಯಿತು. ಊಟ ಮಾತ್ರ ಭರ್ಜರಿ.

ಕಳೆದ ತಿಂಗಳು ಅದೇ ಅಂಗಡಿಯಿಂದ ಮತ್ತೆ ಕಳಿಸಿದ. ಎರಡು ದಿನ ಹೋಲ್ಡ್. "ಒಂಬತ್ತರಿಂದ ಎರಡಕ್ಕೆ ಇಳಿದಿದೆ ಮಾರಾಯಾ, ನಾನೀಗ ಅವರಿಗೆ ಅರ್ಧ ಪರಿಚಯ" ಅಂತ ಮೆಸೇಜ್ ಹಾಕಿದ್ದಾನೆ.